ಕೊರಿಯಾದ ಶಿದ್ದಪ್ಪ

ನಮ್ಮ ಮನೆಯಲ್ಲಿ ಇಂಗ್ಲಿಷ್ ಸರಾಗವಾಗಿ ಓದುವವಳು ನಾನೊಬ್ಬಳೇ. ನನ್ನ ಗಂಡ ಶಿವಯೋಗೀಶನಿಗೂ ಬರುತ್ತದೆ ಅನ್ನಿ, ಆದರೆ ಅವನಿಗೆ ಶನಿವಾರ ಕಾಳಿನ ಅಂಗಡಿ, ಭಾನುವಾರ ನಿದ್ದೆ. ಹಾಗಾಗಿ ಕೊರಿಯಾದ ಆ ಧಾರಾವಾಹಿಯ ಮಟ್ಟಿಗೆ ಕೇಶ್ವಾಪುರದ ನಮ್ಮ ಮನೆಯಲ್ಲಿ ದಾಕ್ಷಾಯಿಣಿ ಹೇಳಿದ್ದೇ ಕಥೆ. ಅದು ನನಗೆ ಸ್ವಲ್ಪ ತಲೆಗೇರಿತ್ತು, ಒಪ್ಪಿಕೊಳ್ಳುತ್ತೇನೆ.

ಶುರುವಾದದ್ದು ಮಾವನವರ ಮೊಣಕಾಲು ನೋವಿನಿಂದ. ಮಾವ ಗುರುಶಿದ್ದಪ್ಪನವರಿಗೆ ಅರವತ್ತೆಂಟು. ಅಂಗಡಿಯನ್ನು ಮಗನ ಕೈಗೆ ಕೊಟ್ಟ ಮೇಲೆ ಅವರಿಗೆ ಉಳಿದಿದ್ದ ದೊಡ್ಡ ಕೆಲಸವೆಂದರೆ ಬೆಳಿಗ್ಗೆ ಗೆಳೆಯ ಕಾಸಿಮಸಾಬರ ಜೊತೆ ವಾಕಿಂಗ್, ಸಂಜೆ ಅದೇ ಕಾಸಿಮಸಾಬರ ಜೊತೆ ಚಹಾ. ಕಾಸಿಮ ಕಾಕಾ ಎರಡು ಓಣಿ ಆಚೆ ಮೋಟರ್‌ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದವರು. ಈಗ ಮಗ ಅಯಾಜ ನೋಡಿಕೊಳ್ಳುತ್ತಾನೆ. ಇಬ್ಬರದೂ ಮೂವತ್ತೈದು ವರ್ಷದ ಸ್ನೇಹ. ಮೊಣಕಾಲು ಬಾತು ವಾಕಿಂಗ್ ನಿಂತಾಗ ಮಾವ ಮನೆಯಲ್ಲಿ ಕೂತು ಎಲ್ಲದಕ್ಕೂ ತಪ್ಪು ಹುಡುಕತೊಡಗಿದರು. ಸಾರಿಗೆ ಉಪ್ಪು ಹೆಚ್ಚು, ಫ್ಯಾನಿನ ಗಾಳಿ ಕಡಿಮೆ. ಸಾಕಾಗಿ ಒಂದು ಶನಿವಾರ ಸಂಜೆ ಹೊಸದಾಗಿ ಶುರುವಾಗಿದ್ದ ಆ ಧಾರಾವಾಹಿಯ ಮೊದಲ ಕಂತನ್ನೇ ದೊಡ್ಡ ಟಿವಿಗೆ ಹಾಕಿ, ಅವರನ್ನೂ ಕಾಕಾನನ್ನೂ ಎದುರಿಗೆ ಕೂರಿಸಿದೆ.

ಮೊದಲ ಕತ್ತಿ ಒರೆಯಿಂದ ಹೊರಬಂದದ್ದೇ ತಡ, ಇಬ್ಬರೂ ಚಹಾ ಮರೆತರು.

ಹಳೆಯ ಕಾಲದ ಕೊರಿಯಾ. ಬೆಟ್ಟದ ಮೇಲೊಂದು ಕೋಟೆ, ಕೋಟೆ ಕಾಯಲು ಏಳು ಜನ ಹುಡುಗರು. ಉದ್ದ ಕೂದಲು, ಉದ್ದ ಅಂಗಿ, ಗಾಳಿಗಿಂತ ಮೊದಲು ತಿರುಗುವ ಕತ್ತಿ. ಏಳರಲ್ಲಿ ಇಬ್ಬರು ಪ್ರಾಣಸ್ನೇಹಿತರು. ಒಬ್ಬ ಮಂತ್ರಿಯ ಮಗ, ಮಾತೇ ಆಡದವನು. ಇನ್ನೊಬ್ಬ ಕಮ್ಮಾರರ ಅನಾಥ ಹುಡುಗ, ಸದಾ ನಗುವವನು. ಬಿಲ್ಲು ಮಾಡುವವನ ಮಗಳೊಬ್ಬಳು ಇದ್ದಾಳೆ, ಇಬ್ಬರಿಗೂ ಅವಳ ಮೇಲೆ ಮನಸ್ಸು, ಇಬ್ಬರೂ ಗೆಳೆಯನಿಗಾಗಿ ಬಾಯಿ ಬಿಡುವುದಿಲ್ಲ. ಆ ಹುಡುಗಿಯಾದರೋ ಇಬ್ಬರಿಗಿಂತ ಚೆನ್ನಾಗಿ ಬಾಣ ಬಿಡುತ್ತಾಳೆ.

ಅವರ ಹೆಸರುಗಳು ಮಾತ್ರ ನಮ್ಮ ಹಿರಿಯರ ನಾಲಿಗೆಗೆ ಹೊರಳಲಿಲ್ಲ. ಎರಡನೇ ಕಂತಿನಲ್ಲೇ ನಾಮಕರಣವಾಯಿತು. ಮಾತಾಡದವನಿಗೆ ಮಾವ ಮುಷರಫ ಎಂದು ಹೆಸರಿಟ್ಟರು.

“ನಮ್ಮ ಕಾಳಿನ ಲಾರಿ ಡ್ರೈವರ್ ಮುಷರಫ ಹಿಂಗಽ ಇದ್ದ ನೋಡ್ರಿ. ಧಾರವಾಡದಿಂದ ಮುಂಬೈ ತನಕ ನಾಕು ಮಾತು ಆಡಿದ್ರ ಹೆಚ್ಚಿಗಿ. ಆದ್ರ ಒಂದು ಚೀಲ ಆಚೀಚಿ ಆಗ್ತಿರಲಿಲ್ಲ,” ಎಂದರು.

ನಗುವವನಿಗೆ ಹೆಸರಿಟ್ಟವರು ಕಾಸಿಮ ಕಾಕಾ. “ಇಂವ ಶಿದ್ದಪ್ಪ. ಅಮ್ಮಿನಬಾವಿ ಶಿದ್ದಪ್ಪ ನನ್ನ ಮದಲನೇ ಗಿರಾಕಿ. ಗಾಡಿ ಸುಟ್ಟು ಹೋದ್ರೂ ನಗತಿದ್ದ ಮನುಷ್ಯಾ,” ಎಂದರು.

ಹುಡುಗಿಗೆ ನಮ್ಮ ಅತ್ತೆ ಶರಣವ್ವ ಅಡುಗೆಮನೆಯಿಂದಲೇ ಮುತ್ತು ಎಂದು ಕೂಗಿದರು. ಅಲ್ಲಿಗೆ ಕೊರಿಯಾ ಪೂರ್ತಿ ನಮ್ಮದಾಯಿತು.

ಶನಿವಾರ ಒಂದು, ಭಾನುವಾರ ಒಂದು, ಸಂಜೆ ಐದೂವರೆಗೆ ಹೊಸ ಕಂತು. ನಾನು ಟಿವಿಯ ಪಕ್ಕ ಕುರ್ಚಿ ಹಾಕಿಕೊಂಡು ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ನಮ್ಮ ಭಾಷೆಯಲ್ಲಿ ಹೇಳುತ್ತ ಹೋಗುವುದು. ರಾಜನ ದನಿ ಬೇರೆ, ಮುತ್ತುವಿನ ದನಿ ಬೇರೆ. ಸಣ್ಣಪುಟ್ಟ ತಿದ್ದುಪಡಿಗಳನ್ನೂ ಮಾಡುತ್ತಿದ್ದೆ. ಅವರು ಕುಡಿಯುವುದು ಸೆರೆ ಎಂದರೆ ಅತ್ತೆ ಟಿವಿ ಬಂದ್ ಮಾಡಿಸುತ್ತಿದ್ದರು, ಅದಕ್ಕೆ ಕಷಾಯ ಎಂದೆ. “ಏನವಾ, ಈ ಮಂದಿಗೆ ವರ್ಷಪೂರ್ತಿ ನೆಗಡಿ?” ಎಂದು ಅತ್ತೆ ಮರುಗಿದರು. ಶಿದ್ದಪ್ಪ ಮತ್ತು ಮುತ್ತು ಹೂಬಿಟ್ಟ ಮರದ ಕೆಳಗೆ ತೀರಾ ಹತ್ತಿರ ಬಂದಾಗ ಮುಂದಕ್ಕೆ ಓಡಿಸಿ, “ಊರಿನ ಸುದ್ದಿ ಮಾತಾಡಿದ್ರು,” ಎಂದೆ. ಯಾರಿಗೂ ನಷ್ಟವಾಗಲಿಲ್ಲ. ಗೊತ್ತಿಲ್ಲ ಎಂಬ ಮಾತು ಮಾತ್ರ ನನ್ನ ಬಾಯಿಂದ ಒಂದು ಸಲವೂ ಬರಲಿಲ್ಲ.

ಎಡವಟ್ಟಾದದ್ದು ಹದಿನಾಲ್ಕನೇ ಕಂತಿನಲ್ಲಿ. ಒಟ್ಟು ಹದಿನಾರು ಕಂತು, ಮುಗಿಯಲು ಇನ್ನು ಎರಡೇ ಬಾಕಿ. ಶತ್ರುಗಳು ಬೆಟ್ಟ ಸುತ್ತುವರಿದಿದ್ದಾರೆ. ಬಿಳಿ ಗಡ್ಡದ ಮುದುಕ ಸೇನಾಪತಿ ಶಿದ್ದಪ್ಪನೊಬ್ಬನನ್ನೇ ಒಳಗೆ ಕರೆದು, ಕೈಯಾರೆ ಒಂದು ಬಟ್ಟಲು ತುಂಬಿ ಕೊಟ್ಟ. ಶಿದ್ದಪ್ಪ ಎರಡೂ ಕೈಯಿಂದ ತೆಗೆದುಕೊಂಡ. ಆಮೇಲೆ ಭುಜ ತಿರುಗಿಸಿ, ಮುಖವನ್ನು ಪೂರಾ ಗೋಡೆಯ ಕಡೆ ಹೊರಳಿಸಿ ಕುಡಿದುಬಿಟ್ಟ. ಮಾತಿಲ್ಲ, ಕೆಳಗೆ ಒಂದಕ್ಷರವೂ ಇಲ್ಲ.

“ಯಾಕ ಹಂಗ ಹೊಳ್ಳಿದ ಅಂವ?” ಎಂದು ಮಾವ ಕೇಳಿದರು.

ನನಗೇನು ಗೊತ್ತು? ಆದರೆ ನಾನು ದಾಕ್ಷಾಯಿಣಿ. “ಮನಸಿನ್ಯಾಗ ಏನೋ ಕಪಟ ಐತ್ರಿ ಮಾವಾರ. ಅಜ್ಜನ ಮುಖಕ್ಕ ಮುಖ ಕೊಡಾಕ ಆಗವಲ್ದು,” ಎಂದೆ.

ಹತ್ತು ನಿಮಿಷದಲ್ಲಿ ಕೋಟೆಯ ಉತ್ತರದ ಬಾಗಿಲನ್ನು ಯಾರೋ ಒಳಗಿನಿಂದ ತೆಗೆದರು. ಕೈ ಮಾತ್ರ ತೋರಿಸಿದರು, ಮುಖ ತೋರಿಸಲಿಲ್ಲ. ಶತ್ರುಗಳು ನುಗ್ಗಿದರು. ಕಂತು ಮುಗಿಯಿತು.

ಮಾವ ತೊಡೆ ತಟ್ಟಿಕೊಂಡು ಎದ್ದರು. “ಶಿದ್ದಪ್ಪನಽ! ಹೊಳ್ಳಿ ಕುಡದಾಗಽ ಗೊತ್ತಾತು ನನಗ. ಹಿರೇರು ಕೊಟ್ಟಿದ್ದನ್ನ ಹಿರೇರಿಗೆ ಬೆನ್ನು ಮಾಡಿ ಕುಡಿಯಾಂವ ಮನುಷ್ಯಾ ಏನು?”

“ಅಂವ ಹಂಗಲ್ಲ ಗುರುಶಿದ್ದ,” ಎಂದರು ಕಾಸಿಮ ಕಾಕಾ ಮೆತ್ತಗೆ. “ಆ ಹುಡುಗನ ಮುಖದಾಗ ಕಪಟ ಇಲ್ಲ.”

“ನಿನಗ ಗೊತ್ತಾತನು?”

“ಹದಿನಾಕು ಕಂತು ನೋಡೇನಿ. ಗೊತ್ತಾಗತೈತಿ.”

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಮಾವನಿಗೆ ಸೋತು ಗೊತ್ತಿಲ್ಲ, ಆ ಗುಣ ಈ ಮನೆಯಲ್ಲಿ ನನ್ನೊಬ್ಬಳದೇ ಅಲ್ಲ. ಮಾತಿಗೆ ಮಾತು ಬೆಳೆದು ಕೊನೆಗೆ ಅವರು ಅಂದರು, “ಮಂದೀನ ಓದಾಕ ನಿನಗ ಎಂದ ಬಂದೈತಿ ಕಾಸಿಮ? ಬಂದಿದ್ರ ಅವತ್ತು ಹಂಗ ಮುಳುಗತಿದ್ದೇನು?”

ಅಡುಗೆಮನೆಯಲ್ಲಿ ಅತ್ತೆಯ ಕೈಯ ಸೌಟು ನಿಂತಿತು. ಇಪ್ಪತ್ತು ವರ್ಷದ ಹಿಂದೆ ಕಾಕಾನ ಪಾಲುದಾರನೊಬ್ಬ ರಿಪೇರಿ ಹತ್ಯಾರುಗಳ ಸಮೇತ ಅಂಗಡಿಯನ್ನೇ ಬರಿದು ಮಾಡಿ ಹೋಗಿದ್ದ. ತಮ್ಮನಂತೆ ನಂಬಿದ್ದ ಮನುಷ್ಯ. ಆಗ ಕಾಕಾ ಅತ್ತದ್ದು ಇದೇ ಮಾವನ ಹೆಗಲ ಮೇಲೆ. ಆ ಮಾತನ್ನು ಓಣಿಯ ಬೇರೆ ಯಾರಾದರೂ ಅಂದಿದ್ದರೆ ಕಾಕಾ ನಕ್ಕು ಬಿಡುತ್ತಿದ್ದರು. ಈಗ ಅವರು ನಗಲಿಲ್ಲ. ತುಂಬಿದ ಚಹಾದ ಕಪ್ಪನ್ನು ಹಾಗೇ ಕೆಳಗಿಟ್ಟು, ಟೊಪ್ಪಿಗೆ ಸರಿಮಾಡಿಕೊಂಡು ಹೊರಟರು.

ಮೊಣಕಾಲಿನ ಬಾವು ಇಳಿದು ವಾಕಿಂಗ್ ಮತ್ತೆ ಶುರುವಾಗಿ ಎರಡು ವಾರವಾಗಿತ್ತು. ಮರುದಿನ ಕಾಕಾ ವಾಕಿಂಗಿಗೆ ಬರಲಿಲ್ಲ. ಮಂಗಳವಾರವೂ ಇಲ್ಲ. ಮಾವ ಚಪ್ಪಲಿ ಮೆಟ್ಟಿಕೊಂಡು ಗೇಟಿನ ಹತ್ತಿರ ಅರ್ಧ ಗಂಟೆ ನಿಂತು, ಬಿಸಿಲು ಹೆಚ್ಚಾಯಿತು ಎನ್ನುತ್ತ ಒಳಗೆ ಬಂದರು. ಬೆಳಗಿನ ಆರು ಗಂಟೆಗೆ ಎಲ್ಲಿಯ ಬಿಸಿಲು? ಸಾರಿನ ಉಪ್ಪಿನ ಬಗ್ಗೆ ಕೂಡ ಅವರು ಮಾತಾಡದಿದ್ದಾಗ ನನಗೆ ಹೆದರಿಕೆಯಾಯಿತು.

ಬುಧವಾರ ಶೇಂಗಾ ಹೋಳಿಗೆ ಮಾಡಿ ಡಬ್ಬಿ ತೆಗೆದುಕೊಂಡು ಕಾಕಾನ ಮನೆಗೆ ಹೋದೆ. ಅವರ ಹೆಂಡತಿ ಗುಲ್ಜಾರಬಿ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡರು. ಕಾಕಾ ನುಲಿಯ ಹೊರಸಿನ ಮೇಲೆ ಕೂತು ಕಿಟಕಿ ನೋಡುತ್ತಿದ್ದರು.

“ಕಾಕಾ, ಒಂದು ಸೀರಿಯಲ್ ಸಲುವಾಗಿ ಇಷ್ಟು ಸಿಟ್ಟೇನ್ರಿ?” ಎಂದೆ.

“ಸೀರಿಯಲ್‌ಗೆ ಯಾರು ಸಿಟ್ಟಾಗ್ತಾರ ಬೇಟಿ? ಇಪ್ಪತ್ತು ವರ್ಷ ಆ ಮಾತು ಅವನ ಹೊಟ್ಟ್ಯಾಗ ಇತ್ತಲ್ಲ, ಅದು ಸಂಕಟ,” ಎಂದರು. ಆಮೇಲೆ ಹೋಳಿಗೆ ಚೆನ್ನಾಗಿದೆ ಎಂದರು, ಇನ್ನೂ ತಿಂದಿರಲೇ ಇಲ್ಲ.

ಮನೆಗೆ ಬಂದು ಮಾವನಿಗೆ ಹೇಳಿದೆ, ನೀವೇ ಹೋಗಿ ಕರೆಯಿರಿ ಎಂದು. ಮಾವ ಗಡ್ಡ ಕೆರೆದುಕೊಂಡರು.

“ನಾ ಅಂದದ್ದು ಸುಳ್ಳಂತ ಆದ್ರ ಹೋಗ್ತೀನಿ. ಆ ಶಿದ್ದಪ್ಪ ಕಳ್ಳ ಅಲ್ಲಂತ ಆಗಲಿ, ಅವನ ಮನೀ ಬಾಗಲಕ್ಕ ಹೋಗಿ ತಪ್ಪಾತಂತೀನಿ. ಕಳ್ಳ ಅಂತ ಆತಂದ್ರ ಇಲ್ಲ.”

ನೋಡಿ ಹೇಗಿದೆ! ಮೂವತ್ತೈದು ವರ್ಷದ ಗೆಳೆತನ ಈಗ ಕೊರಿಯಾದ ಒಬ್ಬ ಕಮ್ಮಾರರ ಹುಡುಗನ ಕೈಯಲ್ಲಿತ್ತು. ನಾನು ದೇವರ ಮುಂದೆ ದೀಪ ಹಚ್ಚುವಾಗ ಶಿದ್ದಪ್ಪನ ಹೆಸರು ಹೇಳಿ ಬೇಡಿಕೊಂಡೆ. ಬಸವಣ್ಣ ನಕ್ಕಿರಬೇಕು.

ಶನಿವಾರ ಹದಿನೈದನೇ ಕಂತು. ಕಾಕಾನ ಕುರ್ಚಿ ಖಾಲಿ. ಕೋಟೆ ಬಿದ್ದಿತ್ತು. ಬಾಗಿಲು ತೆಗೆದವನೆಂಬ ಅನುಮಾನದ ಮೇಲೆ ರಾಜನ ಕಡೆಯವರು ಶಿದ್ದಪ್ಪನಿಗೆ ಬೇಡಿ ಹಾಕಿ ಕತ್ತಲೆ ಕೋಣೆಗೆ ನೂಕಿದ್ದರು, ಅವನು ತುಟಿ ಬಿಚ್ಚುತ್ತಿರಲಿಲ್ಲ. ಮುತ್ತು ಸೆರೆಮನೆಯ ಗೋಡೆಗೆ ಬೆರಳಿಟ್ಟು ಅಳುತ್ತಿದ್ದಳು. ಅಷ್ಟರಲ್ಲಿ ಮುಷರಫನನ್ನು ಅವನ ತಂದೆ ಮಂತ್ರಿ ಕರೆದು, ಎದುರಿಗೆ ಕೂರಿಸಿ, ಬಟ್ಟಲು ತುಂಬಿ ಕೊಟ್ಟ. ಮುಷರಫ ಎರಡೂ ಕೈಯಿಂದ ತೆಗೆದುಕೊಂಡು, ಭುಜ ತಿರುಗಿಸಿ, ಮುಖವನ್ನು ಪಕ್ಕಕ್ಕೆ ಹೊರಳಿಸಿ ಕುಡಿದ.

ಹುಡುಗರು ತಮ್ಮತಮ್ಮಲ್ಲಿ ಕುಡಿಯುವುದನ್ನು ಹತ್ತು ಸಲ ನೋಡಿದ್ದೆ, ಯಾರೂ ಹೊರಳಿರಲಿಲ್ಲ. ಹಿರಿಯರ ಮುಂದೆ ಕುಡಿದದ್ದು ಇವೆರಡೇ ಸಲ.

“ಇಂವ್ನೂ ಹೊಳ್ಳಿದನಲ್ಲ?” ಎಂದರು ಮಾವ.

ಆಗಲೇ ಹೇಳಿಬಿಡಬೇಕಿತ್ತು. “ಅವರಪ್ಪನ ಮ್ಯಾಲೆ ಸಿಟ್ಟೈತ್ರಿ,” ಎಂದುಬಿಟ್ಟೆ.

ಕಂತು ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಹುಡುಕಿದೆ. ಅಲ್ಲಿಯ ರೀತಿ ಅದು. ಹಿರಿಯರು ಕೊಟ್ಟದ್ದನ್ನು ಎರಡೂ ಕೈಯಿಂದ ತೆಗೆದುಕೊಂಡು, ಅವರ ಎದುರಿಗೆ ಬಾಯಿ ಕಾಣದಂತೆ ಮುಖ ತಿರುಗಿಸಿ ಕುಡಿಯುವುದು ಮರ್ಯಾದೆ. ಕಪಟ ಎಂದು ನಾನು ಹೇಳಿದ್ದು ಅವನ ಭಕ್ತಿಯನ್ನು. ಪಡಸಾಲೆಯಲ್ಲಿ ಮಾವ ಒಬ್ಬರೇ ಕೂತು ಬಂದ್ ಆದ ಟಿವಿ ನೋಡುತ್ತಿದ್ದರು. ನಾನು ಎರಡು ಸಲ ಬಾಗಿಲ ತನಕ ಹೋಗಿ ಎರಡೂ ಸಲ ಬಾಯಿ ಮುಚ್ಚಿಕೊಂಡು ವಾಪಸು ಬಂದೆ. ನಾಚಿಕೆಯಾಗಿತ್ತು, ಆದರೆ ಸೊಕ್ಕು ಅದಕ್ಕಿಂತ ದೊಡ್ಡದಿತ್ತು.

ಭಾನುವಾರ ಐದೂವರೆ. ಕೊನೆಯ ಕಂತು. ಅತ್ತೆ ಕೂಡ ಬಂದು ಕೂತರು.

ಎಂಥ ಕಂತು! ಬೆಟ್ಟದ ದಾರಿಯಲ್ಲಿ ಕುದುರೆಗಳು, ಬಾಣಗಳ ಮಳೆ, ಉಳಿದ ಹುಡುಗರು ಬೆನ್ನಿಗೆ ಬೆನ್ನು ಹಚ್ಚಿ ನಿಂತು ಹೊಡೆದಾಡಿದರು. ಮುತ್ತು ಗೋಪುರ ಹತ್ತಿ ಶತ್ರುಗಳ ಬಾವುಟವನ್ನು ಒಂದೇ ಬಾಣಕ್ಕೆ ಕೆಡವಿದಳು. “ಭಲೇ ಮಗಳಽ!” ಎಂದು ಅತ್ತೆ ಚೀರಿದರು. ಕೋಟೆ ಮತ್ತೆ ಕೈಗೆ ಬಂತು. ಆಮೇಲೆ ವಿಚಾರಣೆ. ಅಂಗಳದ ನಡುವೆ ಶಿದ್ದಪ್ಪ ಮೊಣಕಾಲೂರಿ ಕೂತಿದ್ದಾನೆ. ಬಾಗಿಲು ತೆಗೆದವನು ಯಾರು ಎಂದು ರಾಜ ಕೇಳಿದ.

ಶಿದ್ದಪ್ಪ ತಲೆ ಎತ್ತಿದ. ಕೆಳಗೆ ಅಕ್ಷರಗಳು ಬಂದವು. ಬಾಗಿಲು ತೆಗೆದವನು ನಾನೇ.

ನಾನು ಟಿವಿ ನಿಲ್ಲಿಸಿದೆ.

“ಏನಂದ?” ಎಂದರು ಮಾವ. ಅವರು ಕುರ್ಚಿಯ ತುದಿಗೆ ಬಂದಿದ್ದರು. ಆ ಮುಖ ನೋಡಿದೆ. ಗೆದ್ದರೆ ಸಾಕು ಎನ್ನುವ ಮುಖ ಅಲ್ಲ ಅದು, ಸೋತರೆ ಸಾಕು ಎನ್ನುವ ಮುಖ.

ನಾನಲ್ಲ ಎಂದ, ಎನ್ನಬಹುದಿತ್ತು. ಎರಡಕ್ಷರ ಸೇರಿಸಿದರೆ ಸಾಕು, ಮಾವ ಈಗಲೇ ಚಪ್ಪಲಿ ಮೆಟ್ಟುತ್ತಿದ್ದರು. ಸೆರೆಯನ್ನು ಕಷಾಯ ಮಾಡಿದವಳಿಗೆ ಇದೇನು ದೊಡ್ಡದು? ಸುಳ್ಳಿನಿಂದ ಕೂಡಿದ ಗೆಳೆತನ ಉಳಿಯುವುದಿಲ್ಲ ಎಂದು ಯೋಚಿಸಿದೆ ಅಂತ ಬರೆಯಲು ಆಸೆ. ಹಾಗೇನೂ ಯೋಚಿಸಲಿಲ್ಲ. ಆ ಹುಡುಗ ಬೇಡಿ ಹಾಕಿಕೊಂಡು ನಿಜ ಹೇಳುತ್ತಿದ್ದ, ನಾನು ಗಾದಿ ಕುರ್ಚಿಯಲ್ಲಿ ಕೂತು ಅವನ ಮಾತನ್ನು ತಿರುಚಲು ಹೊರಟಿದ್ದೆ. ನನಗೆ ನನ್ನ ಮೇಲೇ ಅಸಹ್ಯವಾಯಿತು.

“ಬಾಗಲಾ ತೆಗದಾಂವ ನಾನಽ, ಅಂದಾನ್ರಿ,” ಎಂದೆ.

ಮಾವ ಹಿಂದಕ್ಕೆ ಒರಗಿದರು. “ನಾ ಹೇಳಿರಲಿಲ್ಲ?” ಎಂದರು. ಆ ದನಿಯಲ್ಲಿ ಜೀವವೇ ಇರಲಿಲ್ಲ.

“ಮಾವಾರ, ಇನ್ನೊಂದು ಐತ್ರಿ. ಮುಖ ಹೊಳ್ಳಿಸಿ ಕುಡಿಯೂದು ಕಪಟ ಅಲ್ರಿ. ಅವರ ಊರಾಗ ಅದು ಹಿರೇರಿಗೆ ಕೊಡೂ ಮರ್ಯಾದಿ. ನನಗ ಗೊತ್ತಿರಲಿಲ್ಲ. ಗೊತ್ತಿಲ್ಲಂತ ಅನ್ನಾಕ ಸೊಕ್ಕು ಬಿಡಲಿಲ್ಲ. ನಿನ್ನಿ ಗೊತ್ತಾತು, ನಿನ್ನಿನೂ ಹೇಳಲಿಲ್ಲ. ನೀವು ಕಾಕಾಗ ಅಂದ ಮಾತು ನನ್ನ ತಪ್ಪಿನಿಂದ ಹುಟ್ಟಿದ್ರಿ.”

ಮಾವ ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. “ಮುಂದ ಹಾಕು,” ಎಂದರು ಅಷ್ಟೇ.

ಹಾಕಿದೆ. ಆ ರಾತ್ರಿ ಏನಾಯಿತೆಂದು ಈಗ ತೋರಿಸಿದರು. ಮುಷರಫ ಕೋಟೆಯ ಹೊರಗೆ ಉಳಿದುಬಿಟ್ಟಿದ್ದ, ಬೆನ್ನಿಗೆ ಬಾಣ ನೆಟ್ಟಿತ್ತು. ಬೆಳಕು ಹರಿಯುವ ತನಕ ಬಾಗಿಲು ತೆಗೆಯಬಾರದೆಂದು ಸೇನಾಪತಿಯ ಕಟ್ಟಾಜ್ಞೆ. ಮುಷರಫ ಬಾಗಿಲಿಗೆ ಒರಗಿ ಕುಸಿದ ಸದ್ದು ಶಿದ್ದಪ್ಪನಿಗೆ ಕೇಳಿತು. ಅವನು ಅಗಳಿ ಎಳೆದ. ಗೆಳೆಯನನ್ನು ಒಳಗೆಳೆದುಕೊಂಡ ಬೆನ್ನಿಗೇ ಶತ್ರುಗಳು ನುಗ್ಗಿದರು. ಮೈಮೇಲೆ ಎಚ್ಚರವಿಲ್ಲದ ಮುಷರಫನಿಗೆ ಏನೂ ತಿಳಿಯಲಿಲ್ಲ. ತನ್ನಿಂದ ಕೋಟೆ ಬಿತ್ತೆಂದು ಅವನು ಕೊರಗಬಾರದು ಎಂದು ಶಿದ್ದಪ್ಪ ಬಾಯಿ ಹೊಲಿದುಕೊಂಡಿದ್ದ.

ನಾನು ಓದುತ್ತ ಹೋದೆ.

“ನಿಲ್ಲಸು,” ಎಂದರು ಮಾವ. ಎದ್ದು ನಿಂತಿದ್ದರು.

“ಇನ್ನೂ ಅರ್ಧ ತಾಸು ಐತ್ರಿ!”

“ಕಾಸಿಮ ಇಲ್ಲದ ನಾ ನೋಡೂದಿಲ್ಲ. ನಿನ್ನ ಸ್ಕೂಟಿ ತಗಿ. ಲಗೂ!”

ನಾನು ಮದುವೆಯಾಗಿ ಬಂದ ಹನ್ನೆರಡು ವರ್ಷದಲ್ಲಿ ಮಾವ ಒಮ್ಮೆಯೂ ನನ್ನ ಸ್ಕೂಟಿ ಹತ್ತಿದವರಲ್ಲ. ಸೊಸೆಯ ಹಿಂದೆ ಕೂರುವುದೇನು ಎಂದು ಆಟೋ ಹಿಡಿಯುತ್ತಿದ್ದರು. ಇವತ್ತು ಧೋತರ ಎತ್ತಿ ಕಟ್ಟಿ, ನೋಯುವ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಂಡು ಕೂತೇಬಿಟ್ಟರು. ಕಿರಾಣಿ ಅಂಗಡಿಯವನು ಬಾಯಿ ತೆರೆದು ನೋಡಿದ. ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ನಿಂತಿತ್ತು. “ಹಾರ್ನ್ ಹೊಡಿ, ಹಾರ್ನ್ ಹೊಡಿ!” ಎಂದು ಮಾವ ನನ್ನ ಕಿವಿಯಲ್ಲೇ ಕೂಗಿದರು. ನನಗೆ ನಗುವೋ ಅಳುವೋ ತಿಳಿಯದು, ಎಮ್ಮೆಯ ಬಾಲ ಸವರಿಕೊಂಡು ಗಾಡಿ ಓಡಿಸಿದೆ.

ಬಾಗಿಲು ತೆಗೆದ ಗುಲ್ಜಾರಬಿ ತುಟಿಯ ಮೇಲೆ ಬೆರಳಿಟ್ಟರು. ಒಳಗೆ ಟಿವಿಯಲ್ಲಿ ಅದೇ ಅಂಗಳ, ಅದೇ ವಿಚಾರಣೆ. ಕಾಸಿಮ ಕಾಕಾ ಹೊರಸಿನ ಮೇಲೆ ಮುಂದಕ್ಕೆ ಬಾಗಿ ಕೂತಿದ್ದರು.

“ಅಯಾಜ ಹಚ್ಚಿಕೊಟ್ಟು ಹೋದ. ನಿನ್ನಿನೂ ನೋಡಿದ್ರು,” ಎಂದು ಗುಲ್ಜಾರಬಿ ಪಿಸುಗುಟ್ಟಿದರು.

“ಯಾರು ಓದಿ ಹೇಳಿದ್ರಿ?” ಎಂದೆ.

“ಯಾರು ಹೇಳ್ಬೇಕು ತಂಗಿ? ಸುಮ್ಮನ ಅವರ ಮುಖಾ ನೋಡ್ಕೋತ ಕುಂತಾರ.”

ಮಾವ ಹೊಸ್ತಿಲಲ್ಲೇ ನಿಂತರು. ಕಾಕಾ ತಿರುಗಿ ನೋಡಲಿಲ್ಲ. ಟಿವಿಯ ಕಡೆಗೇ ಮುಖ ಮಾಡಿ ಹೇಳಿದರು, “ಬಾಗಲಾ ತೆಗದದ್ದು ಖರೇನಽ. ಆದ್ರ ಗೆಳ್ಯಾನ ಸಲುವಾಗಿ ತೆಗದಾನ. ಅದನ್ನ ಇಷ್ಟು ದಿನ ಹೊಟ್ಟ್ಯಾಗ ಇಟ್ಕೊಂಡಿದ್ದ.”

ಒಂದಕ್ಷರ ಇಂಗ್ಲಿಷ್ ಬಾರದ ಮನುಷ್ಯ. ನಾನು ಓದಿ ಓದಿ ತಿಳಿದದ್ದನ್ನು ಅವರು ಬರೀ ಕಣ್ಣಿಂದ ತಿಳಿದಿದ್ದರು.

“ಕಾಸಿಮ, ಮಂದೀನ ಓದಾಕ ಬರಲಾರದಾಂವ ನಾನು. ಆ ಮಾತು ಆಡಬಾರದಿತ್ತು. ತಪ್ಪಾತು,” ಎಂದರು ಮಾವ.

ಕಾಕಾ ಹೊರಸಿನ ಮೇಲೆ ಪಕ್ಕಕ್ಕೆ ಸರಿದು ಕೂತರು. ಮಾವ ಹೋಗಿ ಆ ಜಾಗದಲ್ಲಿ ಕೂತರು. ನನಗೆ ತಡೆಯಲಾಗಲಿಲ್ಲ.

“ಕಾಕಾ, ಎಲ್ಲಾ ನನ್ನಿಂದ ಆತ್ರಿ. ಮುಖ ಹೊಳ್ಳಿಸಿ ಕುಡದದ್ದು ಮರ್ಯಾದಿ ಅಂತ್ರಿ. ನಾ ಕಪಟ ಅಂತ ಹೇಳಿಬಿಟ್ಟೆ.”

“ನನಗ ಅವತ್ತಽ ಗೊತ್ತಿತ್ತು ಬೇಟಿ.”

“ಹೆಂಗ್ರಿ?”

ಕಾಕಾ ಮೊದಲ ಸಲ ನನ್ನ ಕಡೆ ನೋಡಿ ನಕ್ಕರು. “ನೀ ಮದಿವ್ಯಾಗಿ ಬಂದ ವಾರಕ್ಕ ನಿಮ್ಮನ್ನೆಲ್ಲಾ ಚಹಾಕ್ಕ ಕರದಿದ್ವಿ, ನೆನಪೈತೇನು? ಇದಽ ಹೊರಸಿನ ಮ್ಯಾಲೆ ನಿಮ್ಮ ಮಾವ ಕುಂತಿದ್ದ. ನೀ ಸೆರಗು ಹೊತ್ಕೊಂಡು, ಆ ಗೋಡಿ ಕಡೆ ಮುಖಾ ಹೊಳ್ಳಿಸಿ ಚಹಾ ಕುಡದಿ. ಗುಲ್ಜಾರ ಅವತ್ತು ಅಂದ್ಳು, ಎಷ್ಟು ಮರ್ಯಾದಿ ಹುಡುಗಿ ರೀ ಅಂತ. ಆ ಹುಡುಗ ಹೊಳ್ಳಿದಾಗ ನನಗ ನೀನಽ ಕಂಡಿ. ಅದಕ್ಕಽ ಅಂದೆ, ಅಂವ ಹಂಗಲ್ಲಂತ.”

ನಾನು ಗೋಡೆ ನೋಡಿದೆ. ಹಸಿರು ಬಣ್ಣದ ಅದೇ ಗೋಡೆ. ಮಾವ ಬಾಯಿ ತೆರೆದು ಏನೋ ಹೇಳಹೊರಟರು.

“ಸುಮ್ಮನಿರಲೇ, ಮುಷರಫ ಎದ್ದ!” ಎಂದರು ಕಾಕಾ.

ಮುಷರಫ ಎದ್ದಿದ್ದ. ಹದಿನಾರು ಕಂತಿನಲ್ಲಿ ಹಿಡಿಯಷ್ಟು ಮಾತಾಡದವನು ಅಂಗಳದ ನಡುವೆ ಬಂದು, ತನ್ನ ಕತ್ತಿಯನ್ನು ರಾಜನ ಕಾಲ ಬಳಿ ಇಟ್ಟು, ಶಿದ್ದಪ್ಪನ ಪಕ್ಕದಲ್ಲಿ ಮೊಣಕಾಲೂರಿದ. ಮುತ್ತು ಓಡಿ ಬಂದು ಇನ್ನೊಂದು ಪಕ್ಕಕ್ಕೆ ಕೂತಳು. ಮುಷರಫ ಮಾತಾಡತೊಡಗಿದ. ಕೆಳಗೆ ಸಾಲಿನ ಮೇಲೆ ಸಾಲು ಅಕ್ಷರಗಳು ಓಡಿದವು.

“ಏನಂತಾನ? ಓದವಾ ಲಗೂ!” ಎಂದರು ಮಾವ.

“ತಡೀರಿ ಮಾವಾರ. ಕಣ್ಣಾಗ ನೀರು ತುಂಬ್ಯಾವ್ರಿ, ಅಕ್ಷರ ಕಾಣವಲ್ವು,” ಎಂದೆ.

ಒರೆಸಿದಷ್ಟೂ ಬರುತ್ತಿತ್ತು. ಸಾಲುಗಳು ಓಡಿಹೋಗುತ್ತಿದ್ದವು. ಮಾವ ಒಂದು ಕ್ಷಣ ನನ್ನನ್ನು ನೋಡಿದರು. ಆಮೇಲೆ ಗೆಳೆಯನ ಮೊಣಕೈ ಹಿಡಿದು ಅಲ್ಲಾಡಿಸಿದರು.

“ಲೇ ಕಾಸಿಮ, ನೀ ಹೇಳಲೇ. ಏನಂತಾನ ಅಂವ?”

ಕಾಸಿಮ ಕಾಕಾ ಕಣ್ಣು ಕಿರಿದು ಮಾಡಿ ಮುಷರಫನ ಮುಖವನ್ನೇ ನೋಡುತ್ತ ಹೇಳಲು ಶುರುಮಾಡಿದರು.